ಎಂಟು ನಿಮಿಷದ ಬಿಡುವು

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಕರೆದರೆ ಸಾಕು, ಅರಸೀಕೆರೆಯ ಮೈದಾನದಲ್ಲಿ ನಸುಕಿಗೇ ಕಾಲೇಜು ಹುಡುಗರು ಸೇರುತ್ತಾರೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ಒಬ್ಬ ಮೊಬೈಲ್ ಹಿಡಿದು ಟೈಮ್ ಕೂಗುತ್ತಾನೆ, ಉಳಿದವರು ಏದುಸಿರು ಬಿಡುತ್ತ ಕೊನೇ ಸುತ್ತು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪಾಸಾದವರೂ ಫೇಲಾದವರೂ ಅತ್ತ ಸುಳಿಯುವುದು ಅಪರೂಪ. ಬೇಲೂರು, ಹಳೇಬೀಡಿನಲ್ಲೂ ಇದೇ ಕತೆ. ಸೋಮಾರಿಗಳು ಎಂದು ಬೈಯುವ ಮೊದಲು ಒಂದು ಹಳೆಯ ಪ್ರಯೋಗದ ಕಡೆ ನೋಡಬೇಕು.

1969ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಡೆಸಿ ಎಂಬ ತರುಣ ಸಂಶೋಧಕರು 24 ವಿದ್ಯಾರ್ಥಿಗಳ ಕೈಗೆ ‘ಸೋಮಾ’ ಎಂಬ ಏಳು ತುಂಡುಗಳ ಒಗಟು ಕೊಟ್ಟರು. ಮೂರು ಸರದಿಯ ಪ್ರಯೋಗ. ಅರ್ಧ ಜನಕ್ಕೆ ಎರಡನೇ ಸರದಿಯಲ್ಲಿ ಮಾತ್ರ, ಜೋಡಿಸಿದ ಒಂದೊಂದು ಆಕೃತಿಗೂ ಒಂದು ಡಾಲರ್. ಮೂರನೆಯದರಲ್ಲಿ ದುಡ್ಡಿಲ್ಲ. ಪ್ರತಿ ಸಲವೂ ನಡುವೆ ಏನೋ ನೆಪ ಹೇಳಿ ಡೆಸಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಒಗಟೂ ಇತ್ತು, ಓದಲು ಪತ್ರಿಕೆಗಳೂ ಇದ್ದವು. ಪ್ರಯೋಗದ ಜಾಣತನವೆಲ್ಲ ಈ ಬಿಡುವಿನಲ್ಲೇ ಇದೆ. ಯಾರೂ ಹೇಳದಿದ್ದಾಗ ಕೈ ಎತ್ತ ಹೋಗುತ್ತದೆ ಎಂದು ಅವರು ಕನ್ನಡಿಯ ಮರೆಯಿಂದ ಸೆಕೆಂಡುಗಳ ಲೆಕ್ಕದಲ್ಲಿ ಅಳೆಸಿದರು. ದುಡ್ಡು ಕಂಡವರು ಕೊನೆಗೆ ಮೊದಲಿಗಿಂತ ಕಡಿಮೆ ಹೊತ್ತು ಒಗಟು ಮುಟ್ಟಿದರು. ದುಡ್ಡೇ ಕಾಣದವರ ಆಸಕ್ತಿ ಹಾಗೆ ಕುಸಿಯಲಿಲ್ಲ.

1971ರಲ್ಲಿ ಇದು ಪ್ರಕಟವಾದಾಗ ತಕರಾರುಗಳೆದ್ದವು. ಚರ್ಚೆ ದಶಕಗಳ ಕಾಲ ನಡೆಯಿತು. 1999ರಲ್ಲಿ ಡೆಸಿ, ರಿಚರ್ಡ್ ರಯಾನ್ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಹೀಗೆ ಮಾಡಿದರೆ ಇಷ್ಟು ಕೊಡುತ್ತೇವೆ ಎಂಬ ಆಮಿಷ ಒಳಗಿನ ಆಸಕ್ತಿಯನ್ನು ತಿನ್ನುತ್ತದೆ ಎಂಬ ಮಾತು ಗಟ್ಟಿಯಾಯಿತು.

ವ್ಯಾಯಾಮದ ಮಟ್ಟಿಗೆ ನನಗೆ ಬಹಳ ಮುಖ್ಯವೆನಿಸುವುದು 1997ರ ಅಧ್ಯಯನ. ರಯಾನ್ ತಂಡ ಟೇಕ್ವಾಂಡೊ ಮತ್ತು ಏರೋಬಿಕ್ಸ್ ತರಗತಿಗಳಿಗೆ ಸೇರಿದವರನ್ನು ಹಿಂಬಾಲಿಸಿತು. ಮೈಕಟ್ಟು ಬೇಕೆಂಬ ಆಸೆ ಎಷ್ಟೇ ಇದ್ದರೂ ಅದರಿಂದ ಹಾಜರಿ ಹೆಚ್ಚಲಿಲ್ಲ. ಬಿಡದೆ ಬಂದವರನ್ನು ಹಿಡಿದಿಟ್ಟಿದ್ದು ಆಡುವ ಖುಷಿ, ಹೊಸದೊಂದು ಕೈಗೆ ಹತ್ತಿತೆಂಬ ಹಿಗ್ಗು.

ನಮ್ಮ ಹಳ್ಳಿಗಳ ಸಂಜೆಯ ವಾಲಿಬಾಲ್ ನೋಡಿ. ಅಲ್ಲಿ ಹಾಜರಿ ಕರೆಯುವವರಿಲ್ಲ, ಆದರೂ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ಆಟ ನಿಲ್ಲುವುದಿಲ್ಲ. ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೆ ಆ ಸಂಜೆಯೂ ಇಲ್ಲ, ತರಗತಿ ಮುಗಿದೊಡನೆ ಊರಿನ ಬಸ್ಸು ಹಿಡಿಯುವ ಧಾವಂತ.

ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ನನ್ನದೊಂದು ವಿನಂತಿ: ಕಾಲೇಜಿನ ವೇಳೆಯೊಳಗೇ ಒಂದು ಗಂಟೆ ಬಿಡಿಸಿಕೊಡಿ, ಯಾವ ಆಟ ಇಷ್ಟ ಎಂದು ಮಕ್ಕಳನ್ನೇ ಕೇಳಿ, ಅದನ್ನೇ ಆಡಿಸಿ.