ಅಟ್ಟದ ಮೇಲಿನ ವಿದ್ಯುತ್ ಒಲೆ

ಅಡುಗೆಮನೆಯ ಚರಿತ್ರೆಯನ್ನು ಬರೆದವರು ಕಡಿಮೆ. ಅರಸರ ಕತ್ತಿಗೆ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆ ದೊರೆಯುತ್ತದೆ. ಒಂದು ಮನೆಯ ಎರಡು ಮೂರು ತಲೆಮಾರಿಗೆ ಅನ್ನ ಬೇಯಿಸಿಕೊಟ್ಟ ಒಲೆಗೆ ಅಟ್ಟದ ಮೂಲೆಯೇ ಗತಿ. ಅದರಲ್ಲೂ ವಿದ್ಯುತ್ ಒಲೆಯ ಪಾಡು ಇನ್ನಷ್ಟು ಕನಿಷ್ಠ. ಮಣ್ಣಿನ ಒಲೆಯನ್ನು ಜಾನಪದದವರು ನೆನೆಯುತ್ತಾರೆ, ಇದ್ದಿಲ ಒಲೆಯನ್ನು ಕಾದಂಬರಿಕಾರರು ನೆನೆಯುತ್ತಾರೆ. ಕೆಂಪಗೆ ಕಾದ ತಂತಿಯ ಮೇಲೆ ಬೆಳಗಿನ ಕಾಫಿಗೆ ನೀರು ಕಾಯಿಸಿಕೊಟ್ಟ ಈ ಯಂತ್ರವನ್ನು ನೆನೆಯುವವರು ಯಾರು?

ಆದರೂ ಇಂಥ ಒಲೆಗಳನ್ನು ಹುಡುಕಿ ತಂದು, ತುಕ್ಕು ತೊಳೆದು, ಮತ್ತೆ ಕಾಯುವಂತೆ ಮಾಡುವ ಹವ್ಯಾಸವೊಂದಿದೆ. ಮೇಲ್ನೋಟಕ್ಕೆ ಇದು ಬಿಡುವಿನ ಆಟದಂತೆ ತೋರಬಹುದು. ಒಳಹೊಕ್ಕು ನೋಡಿದರೆ ಹಳೆಯದನ್ನು ಉಳಿಸುವುದೆಂದರೇನು ಎಂಬ ಪ್ರಶ್ನೆಯೇ ಇಲ್ಲಿದೆ. ಇಲ್ಲಿ ತಪ್ಪು ಉತ್ತರ ಕೊಟ್ಟರೆ ಹೋಗುವುದು ಅಂದವಲ್ಲ, ಪ್ರಾಣ. ಆದ್ದರಿಂದ ವಿಷಯವನ್ನು ತುಸು ವಿವರವಾಗಿಯೇ ನೋಡಬೇಕು.

ಕಾವೇರಿಯ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದುಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ಅದೇ ವರ್ಷ ಆಸ್ಟ್ರೇಲಿಯದ ಇನ್ನೊಂದು ಚಿನ್ನದ ಊರಾದ ಕಾಲ್ಗೂರ್ಲಿಯಲ್ಲಿ ಡೇವಿಡ್ ಕರ್ಲ್ ಸ್ಮಿತ್ ಎಂಬ ಪುರಸಭೆಯ ಎಂಜಿನಿಯರು ವಿದ್ಯುತ್ ಒಲೆಯೊಂದಕ್ಕೆ ಪೇಟೆಂಟ್ ಪಡೆದರು. ಅದನ್ನು ಬಳಸುವ ಬಗೆಯನ್ನು ತಿಳಿಸಲು ಅವರ ಪತ್ನಿ ನೋರಾ 1907ರಲ್ಲಿ ಒಂದು ಪಾಕಪುಸ್ತಕವನ್ನೇ ಬರೆದರು. ಚಿನ್ನದ ಗಣಿಗಾಗಿ ಬಂದ ವಿದ್ಯುತ್ತು ಅಡುಗೆಮನೆಗೆ ಹೊಕ್ಕ ಕಥೆ ಹೀಗೆ ಎರಡು ಖಂಡಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮೊದಲಾಯಿತು.

ಆದರೆ ಆ ಮೊದಲ ಒಲೆಗಳು ಬಾಳಲಿಲ್ಲ. ಕಬ್ಬಿಣದ ತಂತಿಯನ್ನು ಕೆಂಪಗೆ ಕಾಯಿಸಿದರೆ ಅದು ಗಾಳಿಯೊಡನೆ ಬೆರೆತು ಬೇಗನೆ ಹೊಪ್ಪಳಿಕೆಯಾಗಿ ಉದುರುತ್ತದೆ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ಮಿಶ್ರಲೋಹ ಈ ತೊಡಕನ್ನು ಬಿಡಿಸಿತು. ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಸೇರಿದ ಇದೇ ನೈಕ್ರೋಮ್. ಇದು ತಾಮ್ರಕ್ಕಿಂತ 60 ಪಟ್ಟಿಗೂ ಮಿಕ್ಕಿ ವಿದ್ಯುತ್ತನ್ನು ತಡೆಯುತ್ತದೆ; ಆ ತಡೆಯೇ ಶಾಖವಾಗುತ್ತದೆ. ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯೊಂದು ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ನಮ್ಮ ಅಟ್ಟಗಳಲ್ಲಿರುವ ಒಲೆಗಳೆಲ್ಲ ಈ ಪೊರೆಯ ಕೃಪೆಯಿಂದ ಬದುಕಿದವು.

ಬೆಂಗಳೂರಿನ ಉತ್ತರಭಾಗಕ್ಕೂ ವಿದ್ಯುತ್ತಿಗೂ ಹಳೆಯ ನಂಟು. ವಿಜ್ಞಾನಮಂದಿರದ ವಿದ್ಯುತ್ ವಿಭಾಗ, ಅದರ ನೆರೆಯಲ್ಲಿ ಕಂಬಗಳ ಬಿಲ್ಲೆಗಳನ್ನು ಮಾಡುತ್ತಿದ್ದ ಸರ್ಕಾರಿ ಪಿಂಗಾಣಿ ಕಾರ್ಖಾನೆ, 1936ರಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ಸ್, 1960ರಲ್ಲಿ ಸ್ಥಾಪಿತವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ, ಇವೆಲ್ಲ ಹೆಬ್ಬಾಳಕ್ಕೆ ಬಹುದೂರದವಲ್ಲ. ಹೆಬ್ಬಾಳದಲ್ಲೇ 1899ರಿಂದ ಕೃಷಿ ಪ್ರಯೋಗಕ್ಷೇತ್ರವಿತ್ತು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು ಬಂದಿತು. ಕ್ರಮೇಣ ಸುತ್ತಲ ಹೊಲತೋಟಗಳ ನಡುವೆ ಗಂಗಾನಗರ, ಆರ್.ಟಿ. ನಗರ, ಸಂಜಯನಗರಗಳು ಎದ್ದವು. ಆ ಕಾಲದ ಮನೆ ಕಟ್ಟಿಸಿದವರಿಗೆ ‘ಎ.ಇ.ಎಚ್.’ ಎಂಬ ಮೂರಕ್ಷರ ಚೆನ್ನಾಗಿ ಪರಿಚಿತ. ‘ಆಲ್ ಎಲೆಕ್ಟ್ರಿಕ್ ಹೋಮ್’, ಅಂದರೆ ದೀಪಕ್ಕೂ ಕಾಯಿಸುವುದಕ್ಕೂ ವಿದ್ಯುತ್ತನ್ನೇ ಬಳಸುವ ಮನೆ ಎಂಬ ಸಂಪರ್ಕ ಅದು. ಅದಕ್ಕೂ ಹಿಂದಿನ ಮನೆಗಳ ಜಗಲಿಯಲ್ಲಿ ಎರಡು ಮೀಟರುಗಳಿರುತ್ತಿದ್ದವು: ದೀಪಕ್ಕೊಂದು, ಕಾಯಿಸುವುದಕ್ಕೊಂದು. ಜಲವಿದ್ಯುತ್ತು ಅಗ್ಗವಾಗಿದ್ದ ನಾಡಿನಲ್ಲಿ ಸೌದೆ ಸೀಮೆಎಣ್ಣೆಗಳಿಗಿಂತ ಕರೆಂಟು ಒಲೆ ಮೇಲೆಂದು ತಿಳಿದವರು ಅನೇಕರು.

ಮಳೆ ಕೈಕೊಟ್ಟ ವರ್ಷಗಳ ವಿದ್ಯುತ್ ಕಡಿತ, ಮನೆಮನೆಗೆ ಬಂದ ಅನಿಲದ ಸಿಲಿಂಡರು ಎರಡೂ ಸೇರಿ ಈ ಒಲೆಗಳನ್ನು ಅಟ್ಟಕ್ಕೇರಿಸಿದವು. ಈಗ ಆ ಬಡಾವಣೆಗಳ ಒಂಟಿ ಮನೆಗಳನ್ನು ಕೆಡವಿ ಬಹುಮಹಡಿಗಳನ್ನು ಕಟ್ಟುತ್ತಿರುವ ಕಾಲ. ಅಟ್ಟ ಇಳಿಸುವ ದಿನವೇ ಒಲೆ ಹೊರಬರುವ ದಿನ. ಅಂದು ಸಂಜೆಯೊಳಗೆ ಅದು ಗುಜರಿಯವನ ಗಾಡಿ ಸೇರಿದರೆ, ಕಬ್ಬಿಣ ಒಂದು ಕಡೆಗೆ, ತಾಮ್ರ ಒಂದು ಕಡೆಗೆ. ಆದ್ದರಿಂದ ಹುಡುಕುವವರು ಅಂಗಡಿಗಿಂತ ಮೊದಲು ನೆಂಟರಿಷ್ಟರ ಅಟ್ಟವನ್ನು ಕೇಳಬೇಕು. ಆ ಬಳಿಕ ಶಿವಾಜಿನಗರದ ಗುಜರಿ, ಪೇಟೆಯ ಭಾನುವಾರದ ಸಂತೆ. ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಸಿಗುವ ಒಲೆಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಕಬ್ಬಿಣದ ಮೈಯಲ್ಲಿ ಸುಟ್ಟಮಣ್ಣಿನ ಬಿಲ್ಲೆ, ಬಿಲ್ಲೆಯ ಸುತ್ತುಗಾಲುವೆಯಲ್ಲಿ ಮಲಗಿದ ಬರಿಯ ಸುರುಳಿತಂತಿ. ಇದು ಬಡವರ ಬಂಧು. ಇನ್ನೊಂದು, ಬೀಡುಕಬ್ಬಿಣದ ಕಾವಲಿಗಳು, ಎನಾಮಲ್ ಹೊದಿಕೆ, ಬೇಕಲೈಟಿನ ತಿರುಪುಗಳು, ಕೆಳಗೊಂದು ಬೇಯಿಸುವ ಗೂಡು ಇರುವ ದೊಡ್ಡ ಒಲೆ. ಬಹುಮಟ್ಟಿಗೆ ದಂಡುಪ್ರದೇಶದ ಬಂಗಲೆಗಳಿಗೆ ಇಂಗ್ಲೆಂಡಿನಿಂದ ಬಂದದ್ದು. ಕೊಳ್ಳುವಾಗ ನೋಡಬೇಕಾದ್ದು ತುಕ್ಕನ್ನಲ್ಲ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಬೀಡಿನ ಕಾವಲಿ ಬಿರುಕುಬಿಟ್ಟಿದೆಯೇ, ಮಣ್ಣಿನ ಬಿಲ್ಲೆ ಇಡಿಯಾಗಿದೆಯೇ, ವೋಲ್ಟು ವಾಟುಗಳನ್ನು ಕೆತ್ತಿದ ಹೆಸರುಪಟ್ಟಿ ಉಳಿದಿದೆಯೇ ಎಂಬಿಷ್ಟನ್ನು ನೋಡಬೇಕು. ಹೆಸರುಪಟ್ಟಿಯೇ ಒಲೆಯ ಜಾತಕ. ಅಮೆರಿಕದಿಂದ ಬಂದ 115 ವೋಲ್ಟಿನ ಒಲೆಯನ್ನು ನಮ್ಮ 230 ವೋಲ್ಟಿಗೆ ಸೇರಿಸಿದರೆ ವೋಲ್ಟು ಇಮ್ಮಡಿಯಾದಾಗ ಶಾಖ ನಾಲ್ಮಡಿಯಾಗುತ್ತದೆ. ಒಲೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಸುರುಳಿತಂತಿ ಹರಿದಾಗ ಎರಡು ತುದಿಗಳನ್ನೂ ಇಕ್ಕಳದಿಂದ ತಿರುಚಿ ಸೇರಿಸುವುದು ನಮ್ಮ ಮನೆಗಳ ವಾಡಿಕೆ. ಹೀಗೆ ಸೇರಿಸಿದ ಒಲೆ ವಾರದೊಳಗೆ ಮತ್ತೆ ಹರಿಯುವುದೇಕೆ? 1000 ವಾಟಿನ ತಂತಿಯ ರೋಧ 230 ವೋಲ್ಟಿನಲ್ಲಿ ಸುಮಾರು 53 ಓಮ್. ಅದರಲ್ಲಿ ಹತ್ತರಲ್ಲೊಂದು ಪಾಲು ಕಳೆದುಹೋದರೆ ರೋಧ 48ಕ್ಕೆ ಇಳಿಯುತ್ತದೆ, ಒಲೆ 1100 ವಾಟಿಗೂ ಮಿಕ್ಕಿ ಎಳೆಯುತ್ತದೆ. ತಂತಿ ಚಿಕ್ಕದಾಯಿತು, ಹೊರೆ ಹೆಚ್ಚಿತು. ಪ್ರತಿ ಅಂಗುಲದ ಮೇಲಿನ ಶಾಖ ಹೆಚ್ಚುಕಡಿಮೆ ಕಾಲುಪಾಲು ಏರಿತು. ಜೊತೆಗೆ ತಿರುಚಿದ ಗಂಟು ಸರಿಯಾಗಿ ಕೂಡದೆ ತಾನೇ ಬೇರೆಯಾಗಿ ಕಾಯುತ್ತದೆ. ಒಂದು ಗಂಟು ಇನ್ನೊಂದು ಗಂಟನ್ನು ಹುಟ್ಟಿಸುತ್ತದೆ. ಹರಿದ ಸುರುಳಿಯನ್ನು ತೆಗೆದು ಅದೇ ವಾಟಿನ ಹೊಸ ಸುರುಳಿಯನ್ನು ಕಾಲುವೆಯ ಉದ್ದಕ್ಕೆ ತಕ್ಕಂತೆ ಸಮನಾಗಿ ಹಿಗ್ಗಿಸಿ ಕೂರಿಸುವುದೇ ಸರಿಯಾದ ದಾರಿ. ಒಂದೆಡೆ ಒತ್ತಾಗಿ ಇನ್ನೊಂದೆಡೆ ಬಿಡಿಯಾಗಿ ಕೂತರೆ ಒತ್ತಾದ ಕಡೆ ಬೇಗ ಸುಡುತ್ತದೆ. ಗೃಹಪ್ರವೇಶದಂದು ಹಾಲು ಉಕ್ಕಿದರೆ ಶುಭ. ಬರಿಯ ತಂತಿಯ ಒಲೆಯ ಮೇಲೆ ಮಾತ್ರ ಅದು ಅಶುಭವೇ.

ದೊಡ್ಡ ಒಲೆಗಳ ತಿರುಪಿನಲ್ಲಿ ಒಂದು ಸೊಗಸಾದ ಯುಕ್ತಿ ಅಡಗಿದೆ. ಒಂದು ಕಾವಲಿಯ ಅಡಿಯಲ್ಲಿ 1000 ವಾಟಿನ ಎರಡು ತಂತಿಗಳಿವೆ ಎನ್ನೋಣ. ಎರಡನ್ನೂ ಪಕ್ಕಪಕ್ಕದಲ್ಲಿ ಸೇರಿಸಿದರೆ 2000 ವಾಟು. ಒಂದನ್ನೇ ಬಳಸಿದರೆ 1000. ಒಂದರ ಹಿಂದೊಂದಾಗಿ ಸೇರಿಸಿದರೆ 500. ಜೋರು, ನಡುಹದ, ಮಂದ ಎಂಬ ಮೂರು ಉರಿಗಳು ಯಾವ ಸೂಕ್ಷ್ಮ ಉಪಕರಣವೂ ಇಲ್ಲದೆ ಬರಿಯ ಜೋಡಣೆಯಿಂದ ದೊರೆತವು. ಇಂಥ ತಿರುಪನ್ನು ಬಿಚ್ಚುವ ಮೊದಲು ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಇನ್ನು ಅಪಾಯದ ಮಾತು. ಹಳೆಯ ಒಲೆಗಳಲ್ಲಿ ಎಷ್ಟೋ ಎರಡು ಕಡ್ಡಿಯ ಪ್ಲಗ್ಗಿನವು. ಮೈ ಕಬ್ಬಿಣದ್ದು, ಭೂಸಂಪರ್ಕ ಇಲ್ಲ. ಒಳಗಿನ ತಂತಿ ಸಡಿಲಿ ಮೈಗೆ ತಗುಲಿದರೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವವರೇ ಭೂಸಂಪರ್ಕವಾಗುತ್ತಾರೆ. ಬಟ್ಟೆ ಸುತ್ತಿದ ಹಳೆಯ ರಬ್ಬರ್ ತಂತಿ ನೋಡಲು ಚೆಲುವು, ಬಗ್ಗಿಸಿದರೆ ಪುಡಿ. ಶಾಖ ತಡೆಯಲೆಂದು ಇಟ್ಟ ಬಿಳಿಯ ಹಲಗೆ, ಹಗ್ಗಗಳು ಕಲ್ನಾರಿನವಾಗಿರಬಹುದು. ಅದರ ಎಳೆ ಶ್ವಾಸಕೋಶವನ್ನು ಹೊಕ್ಕರೆ ವರ್ಷಗಳ ಮೇಲೆ ಮಾರಕ ರೋಗವಾಗಿ ತಲೆಯೆತ್ತುತ್ತದೆ. ಅದನ್ನು ಕೆರೆಯಬಾರದು, ಗರಗಸ ಇಡಬಾರದು. ಸಂಶಯ ಬಂದರೆ ಬಲ್ಲವರ ಕೈಗೆ ಒಪ್ಪಿಸಬೇಕು. ಲೋಹದ ಕೊಳವೆಯೊಳಗೆ ತಂತಿಯಿರುವ ಒಲೆಗಳಲ್ಲಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ ಮಳೆಗಾಲಗಳ ತೇವವನ್ನು ಹೀರಿಕೊಂಡಿರುತ್ತದೆ. ಹೊಸ ಮನೆಗಳ ಸೋರಿಕೆ ತಡೆಯುವ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿದರೂ ಪಟ್ಟನೆ ಬೀಳುವುದು ಇದಕ್ಕಾಗಿಯೇ. ಅದು ಬಿತ್ತೆಂದು ಬೈಯಬಾರದು; ಸ್ವಿಚ್ಚನ್ನು ತಪ್ಪಿಸಿ ಒಲೆ ಹಚ್ಚುವ ಜಾಣತನವಂತೂ ಕೂಡದು. ಒಣಗಿಸಿ, ಮೆಗ್ಗರಿನಿಂದ 500 ವೋಲ್ಟಿನಲ್ಲಿ ಅಳೆದು, ಒಂದು ಮೆಗಾ ಓಮಿಗೆ ಕಡಮೆಯಿಲ್ಲವೆಂದು ಬಲ್ಲ ವಿದ್ಯುತ್ ಕೆಲಸಗಾರ ಹೇಳಿದ ಮೇಲಷ್ಟೇ ಸಂಪರ್ಕ ಕೊಡಬೇಕು.

ಇಷ್ಟೆಲ್ಲ ಬದಲಿಸಿದ ಮೇಲೆ ಅದು ಹಳೆಯ ಒಲೆಯೇ ಎಂದು ಕೇಳಬಹುದು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಅದು ಸುಮಾರು ಕ್ರಿ.ಶ. 750ರದು. ಅದನ್ನು ತೊಳೆದು ಕಾಪಾಡಿದರೇ ಹೊರತು, ಸವೆದ ಅಕ್ಷರಗಳನ್ನು ಯಾರೂ ಉಳಿ ಹಿಡಿದು ಮತ್ತೆ ಕೊರೆಯಲಿಲ್ಲ. ಓದುವ ವಸ್ತುವಿಗೆ ಅದೇ ಧರ್ಮ. ಒಲೆ ಓದುವ ವಸ್ತುವಲ್ಲ, ಉರಿಯುವ ವಸ್ತು. ಅದರ ಹತ್ತಿರ ಮಕ್ಕಳು ಓಡಾಡುತ್ತಾರೆ. ಆದ್ದರಿಂದ ಕಣ್ಣಿಗೆ ಕಾಣುವ ಮೈ, ಎನಾಮಲಿನ ಕಲೆ, ಹೆಸರುಪಟ್ಟಿ, ಅಜ್ಜಿಯ ಬೆರಳು ಸವೆಸಿದ ತಿರುಪು, ಇವು ಇದ್ದಂತೆಯೇ ಇರಲಿ. ವಿದ್ಯುತ್ತು ಹರಿಯುವ ತಂತಿ, ತಡೆ, ಪ್ಲಗ್ಗು, ಭೂಸಂಪರ್ಕ, ಇವು ಇಂದಿನವಾಗಲಿ. ತೆಗೆದ ಭಾಗಗಳಲ್ಲಿ ಕಲ್ನಾರನ್ನು ಬಿಟ್ಟು ಉಳಿದವನ್ನು ಒಂದು ಡಬ್ಬಿಯಲ್ಲಿ ಹಾಕಿ, ಎಂದು ಏನನ್ನು ಬದಲಿಸಿದೆವೆಂಬ ಚೀಟಿಯೊಡನೆ ಒಲೆಯ ಪಕ್ಕದಲ್ಲೇ ಇಟ್ಟರೆ ಮುಂದಿನವರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂಬ ಗೊಂದಲವಿರುವುದಿಲ್ಲ. ಸರಿಪಡಿಸಲಾಗದ ಒಲೆಯ ತಂತಿಯನ್ನು ಪೂರ್ತಿ ತೆಗೆದು ಬರಿಯ ನೋಟಕ್ಕಿಡುವುದರಲ್ಲೂ ಅವಮಾನವೇನಿಲ್ಲ.

ಹೊಸ ಉಪಕರಣಗಳಲ್ಲಿ ಹೆಚ್ಚಿನವು ಕೆಟ್ಟರೆ ಎಸೆಯಬೇಕಾದವು. ಅವುಗಳ ಒಳಗೇನಿದೆಯೆಂದು ಮನೆಯವರಿಗೆ ತಿಳಿಯದು. ಹಳೆಯ ಕರೆಂಟು ಒಲೆಯಲ್ಲಿ ಮುಚ್ಚುಮರೆಯಿಲ್ಲ. ನಾಲ್ಕು ತಿರುಪುಮೊಳೆ ಬಿಚ್ಚಿದರೆ ಶಾಲೆಯ ಹುಡುಗನಿಗೂ ಅದರ ಶಾಸ್ತ್ರವನ್ನು ತೋರಿಸಬಹುದು. ಅಂಥ ಒಂದನ್ನು ಉಳಿಸಿಕೊಂಡ ಮನೆಯಲ್ಲಿ ಉಳಿಯುವುದು ಹಳೆಯ ಕಬ್ಬಿಣ ಮಾತ್ರವಲ್ಲ. ಕೆಟ್ಟದ್ದನ್ನು ತಿಳಿದು ಸರಿಪಡಿಸಬಹುದೆಂಬ ಧೈರ್ಯವೂ ಉಳಿಯುತ್ತದೆ.