ಗದ್ದಲದಲ್ಲಿ ದನಿ, ಲೇತಿನಲ್ಲಿ ನಡುಕ

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಾಂತರ ಜನ ಸುಮ್ಮನಾಗುತ್ತಾರೆ. ಕಾರ್ಣಿಕದ, ಅಂದರೆ ಭವಿಷ್ಯವಾಣಿಯ, ನುಡಿ ಕೇಳಿಸುತ್ತದೆ. ಓಡುವ ಯಂತ್ರ ಹಾಗೆ ಮಾತು ಕೇಳುವುದಿಲ್ಲ. ಸಂತೆಯಲ್ಲಿ ರೆಕಾರ್ಡ್ ಮಾಡಿದ ಸಂಭಾಷಣೆಯೂ ಅಷ್ಟೇ. ಅಲ್ಲಿ ಗದ್ದಲದೊಳಗೇ ಬೇಕಾದ ಸದ್ದನ್ನು ಹೆಕ್ಕಬೇಕು.

ಯಾವುದೇ ಸದ್ದನ್ನು ಸರಳ ಕಂಪನಗಳಾಗಿ ಬಿಡಿಸುವ ಗಣಿತಕ್ಕೆ ಬುನಾದಿ ಹಾಕಿದ್ದು 1822ರಲ್ಲಿ ಪ್ರಕಟವಾದ ಫ್ರಾನ್ಸಿನ ಜೋಸೆಫ್ ಫೂರಿಯೆಯ ಗ್ರಂಥ. ಯಾವ ಆವರ್ತನ ಎಷ್ಟಿದೆ ಎಂದು ಆ ಗಣಿತ ಹೇಳುತ್ತದೆ, ಯಾವಾಗ ಬಂತು ಎಂದು ಹೇಳದು. ಆರೋಹಣವನ್ನು ರೆಕಾರ್ಡ್ ಮಾಡಿ ಹಿಂದುಮುಂದಾಗಿ ನುಡಿಸಿದರೂ ಆವರ್ತನಗಳ ಪಟ್ಟಿ ಬದಲಾಗದು!

ಪರಿಹಾರ ಸರಳ. ಮಾತನ್ನು 20–30 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಒಂದೊಂದನ್ನೂ ಬಿಡಿಸಿ, ಪಕ್ಕಪಕ್ಕ ಜೋಡಿಸುವುದು. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಬಣ್ಣದಲ್ಲಿ ಜೋರು: ಇದೇ ಸ್ಪೆಕ್ಟ್ರೋಗ್ರಾಮ್. ಆದರೆ ತುಣುಕು ಚಿಕ್ಕದಾದಷ್ಟೂ ಆವರ್ತನ ಮಸುಕಾಗುತ್ತದೆ. 20 ಮಿಲಿಸೆಕೆಂಡಿನಲ್ಲಿ ಸುಮಾರು 50 ಹರ್ಟ್ಸ್‌ಗಿಂತ ಹತ್ತಿರದ ಎರಡು ಸ್ವರಗಳು ಬೇರೆಯಾಗಿ ಕಾಣವು. ಈ ಮಿತಿಯನ್ನು ಡೆನಿಸ್ ಗೇಬರ್ 1946ರಲ್ಲಿ ವಿವರಿಸಿದರು. ತಗ್ಗಿನ ಕಂಪನಕ್ಕೆ ಉದ್ದ ತುಣುಕು, ಎತ್ತರದ್ದಕ್ಕೆ ಚಿಕ್ಕದು ಬಳಸುವ ವೇವ್ಲೆಟ್ ವಿಧಾನ 1980ರ ದಶಕದಲ್ಲಿ ಬೆಳೆಯಿತು.

ಸ್ಪೆಕ್ಟ್ರೋಗ್ರಾಮ್ ಚಿತ್ರವನ್ನು ಕಾಲ, ಆವರ್ತನಗಳ ಸಣ್ಣ ಚೌಕಗಳಾಗಿ ನೋಡಿದರೆ, ಇಬ್ಬರು ಒಟ್ಟಿಗೆ ಮಾತಾಡಿದರೂ ಬಹುತೇಕ ಚೌಕಗಳಲ್ಲಿ ಒಬ್ಬರದೇ ಮೇಲುಗೈ. ಯಾವ ಚೌಕ ಯಾರದೆಂದು ಕಂಪ್ಯೂಟರ್ ಗುರುತಿಸಿ, ಮತ್ತೊಬ್ಬರ ಚೌಕಗಳನ್ನು ಅಳಿಸಿ, ಉಳಿದದ್ದನ್ನು ಮತ್ತೆ ಸದ್ದಾಗಿಸುತ್ತದೆ. ಇಬ್ಬರ ದನಿಯೂ ಒಂದೇ ಚೌಕಕ್ಕೆ ಬಿದ್ದಲ್ಲಿ ಮಾತು ತುಸು ಕೆಡುತ್ತದೆ.

ಇದೇ ಗಣಿತ ಲೋಹಕ್ಕೂ ಸಲ್ಲುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿತ್ತು. ಲೋಹ ಕೊರೆಯುವವರಿಗೆಲ್ಲ ‘ಚಾಟರ್’ ಎಂಬ ನಡುಕದ ಕಾಟ ಗೊತ್ತು. ಹಿಂದಿನ ಸುತ್ತು ಬಿಟ್ಟ ಅಲೆಯ ಮೇಲೆ ಉಪಕರಣ ಮತ್ತೆ ಹಾಯುವಾಗ ನಡುಕ ತನ್ನನ್ನೇ ಬೆಳೆಸಿಕೊಳ್ಳುತ್ತದೆ. ಲೋಹದ ಮೈ ಒರಟಾಗುತ್ತದೆ, ಅಲಗು ಮುರಿಯುತ್ತದೆ. ಮಿಲ್ಲಿಂಗ್ ಯಂತ್ರದ ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಏಟು. ಆ ಸದ್ದಿನ ಸ್ಪೆಕ್ಟ್ರೋಗ್ರಾಮ್‌ನಲ್ಲಿ 200, 400, 600 ಹರ್ಟ್ಸ್‌ನ ಗೆರೆಗಳು ಸಹಜ. ಅವುಗಳ ನಡುವೆ ಹೊಸ ಗೆರೆ ಮೂಡಿ ದಪ್ಪವಾಗತೊಡಗಿದರೆ ಚಾಟರ್ ಬಂತೆಂದೇ ಸಂಶಯಪಡಬೇಕು. ಆಗಲೇ ವೇಗವನ್ನೋ ಕೊರೆತದ ಆಳವನ್ನೋ ಬದಲಿಸಿದರೆ ಕೆಲಸ ಉಳಿಯುತ್ತದೆ.

ಸ್ಪೆಕ್ಟ್ರೋಗ್ರಾಮ್ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೇ ಸಿಗುತ್ತವೆ. ನಿಮ್ಮೂರ ಹಿಟ್ಟಿನ ಗಿರಣಿಯದೋ ವರ್ಕ್‌ಶಾಪಿನ ಲೇತಿನದೋ ಸದ್ದಿನ ಚಿತ್ರವನ್ನು ಅದು ಚೆನ್ನಾಗಿ ಓಡುತ್ತಿರುವಾಗಲೇ ತೆಗೆದಿಟ್ಟುಕೊಳ್ಳಿ. ಕೆಟ್ಟ ಮೇಲೆ ತೆಗೆದ ಚಿತ್ರವನ್ನು ಹೋಲಿಸಿ ನೋಡಲು ಆರೋಗ್ಯದ ದಿನದ ಚಿತ್ರ ಬೇಕೇ ಬೇಕು.