ಎಣ್ಣೆಯ ಕಮಟು ವಾಸನೆಗೂ ಜೀವಕೋಶದ ಸಾವಿಗೂ ಏನು ಸಂಬಂಧ? ಏನಿದು ಫೆರಾಪ್ಟೋಸಿಸ್?

ಮುಂಬೈ: ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮಂಗಳೂರು, ಉಡುಪಿ ಕಡೆಯಿಂದ ಬಂದಿಳಿಯುವ ಎಷ್ಟೋ ಕನ್ನಡಿಗರಿಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ಇಂದಿಗೂ 'ಕುರ್ಲಾ'ನೇ. ಅಲ್ಲಿಂದ ಕುರ್ಲಾ ಸ್ಟೇಷನ್ ಕಡೆ ನಡೆದರೆ ವಡಾಪಾವ್ ಗಾಡಿಗಳ ಬಾಣಲೆಗಳು ಕಾಯುತ್ತಲೇ ಇರುತ್ತವೆ. ಕೆಲವು ಬಾಣಲೆಗಳ ಪಕ್ಕ ನಿಂತರೆ ಎಣ್ಣೆ ಹಳೆಯದೆಂದು ಮೂಗಿಗೇ ಗೊತ್ತಾಗುತ್ತದೆ. ಆ ಕಮಟು ವಾಸನೆಯ ಹಿಂದಿರುವಂಥದ್ದೇ ರಾಸಾಯನಿಕ ಕ್ರಿಯೆ ನಮ್ಮ ದೇಹದ ಜೀವಕೋಶಗಳನ್ನೂ ಕೊಲ್ಲಬಲ್ಲದು!

ಕೊಬ್ಬು ಕೆಡುವುದು ಹೇಗೆ?

ಪ್ರತಿ ಜೀವಕೋಶದ ಸುತ್ತಲೂ ಲಿಪಿಡ್ ಅಂದರೆ ಕೊಬ್ಬಿನ ತೆಳು ಪೊರೆ ಇರುತ್ತದೆ. ಇದರಲ್ಲಿರುವ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ಪೊರೆಯನ್ನು ಮೃದುವಾಗಿಡುತ್ತವೆ. ಆದರೆ ಇವು ಆಮ್ಲಜನಕಕ್ಕೆ ಸುಲಭ ತುತ್ತು. ಒಂದು ಅಣು ಹೈಡ್ರೋಜನ್ ಕಳೆದುಕೊಂಡರೆ ಅಲ್ಲಿ ಆಮ್ಲಜನಕ ಬಂದು ಕೂರುತ್ತದೆ. ಹೀಗೆ ಕೆಟ್ಟ ಅಣು ಪಕ್ಕದ ಅಣುವಿನ ಹೈಡ್ರೋಜನ್ ಕಸಿಯುತ್ತದೆ, ಅದು ಮತ್ತೊಂದರದ್ದು. ಒಂದು ಮನೆಗೆ ಬಿದ್ದ ಬೆಂಕಿ ಇಡೀ ಚಾಳಿಗೆ ಹಬ್ಬಿದಂತೆ. ಬಾಣಲೆಯಲ್ಲಿ ಇದಕ್ಕೆ ಬಿಸಿ ಕಾರಣವಾದರೆ, ಜೀವಕೋಶದಲ್ಲಿ ಕಿಡಿ ಹೊತ್ತಿಸುವುದು ಕಬ್ಬಿಣ. ಕೊನೆಗೆ ಪೊರೆ ಹರಿದು ಜೀವಕೋಶ ಸಾಯುತ್ತದೆ.

2012ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ತಂಡ ಇದಕ್ಕೆ 'ಫೆರಾಪ್ಟೋಸಿಸ್' ಎಂದು ಹೆಸರಿಟ್ಟಿತು. ಲ್ಯಾಟಿನ್‌ನಲ್ಲಿ ಫೆರಮ್ ಎಂದರೆ ಕಬ್ಬಿಣ.

ಹಾಗಾದರೆ ನಾವೆಲ್ಲ ಬದುಕಿರುವುದು ಹೇಗೆ? ಜಿಪಿಎಕ್ಸ್4 ಎಂಬ ಕಿಣ್ವ ಕೆಟ್ಟ ಲಿಪಿಡ್‌ಗಳನ್ನು ಆಗಿಂದಾಗ್ಗೆ ನಿರುಪದ್ರವಿಯಾಗಿಸುತ್ತದೆ. ಇದಕ್ಕೆ ಸೆಲೆನಿಯಂ, ಗ್ಲುಟಾಥಿಯೋನ್ ಬೇಕು. ವಿಟಮಿನ್ ಇ ಸರಪಳಿಯನ್ನು ನಡುವೆಯೇ ತುಂಡರಿಸುತ್ತದೆ. ಈ ರಕ್ಷಣೆಯನ್ನೂ ಮೀರಿ ದಾಳಿ ಹೆಚ್ಚಾದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್.

ಕ್ಯಾನ್ಸರ್‌ಗೆ ಅಸ್ತ್ರವಾಗುತ್ತಾ?

ನಿಂತ ರಕ್ತಸಂಚಾರ ಮತ್ತೆ ಶುರುವಾದಾಗ ಹೃದಯಕ್ಕಾಗುವ ಹಾನಿಯಲ್ಲಿ ಫೆರಾಪ್ಟೋಸಿಸ್ ಪಾತ್ರವಿದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಇದೇ ಸಾವನ್ನು ಕ್ಯಾನ್ಸರ್ ಕೋಶಗಳ ಮೇಲೆ ತಿರುಗಿಸುವ ಯತ್ನವೂ ನಡೆದಿದೆ. ಆದರೆ ಶತ್ರು ಚಾಲಾಕಿ. ದುಗ್ಧರಸದಲ್ಲಿರುವ ಓಲಿಯಿಕ್ ಆಮ್ಲವನ್ನು ಪೊರೆಗೆ ಸೇರಿಸಿಕೊಂಡು ಮೆಲನೋಮಾ ಕೋಶಗಳು ಪಾರಾಗುತ್ತವೆ ಎಂದು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಓಲಿಯಿಕ್ ಆಮ್ಲ ಬೇಗ ಕೆಡುವುದಿಲ್ಲ, ಅದೇ ಕಾರಣ.

ವಡಾಪಾವ್ ತಿನ್ನಬಾರದೇ?

ಒಂದು ವಡೆ ತಿಂದರೆ ಹೃದಯದ ಕೋಶಗಳು ಸಾಯುತ್ತವೆ ಎಂದು ವಾಟ್ಸಾಪ್ ಫಾರ್ವರ್ಡ್ ಬಂದರೆ ನಂಬಬೇಡಿ. ಬಾಣಲೆಗೂ ಜೀವಕೋಶಕ್ಕೂ ರಸಾಯನಶಾಸ್ತ್ರ ಒಂದೇ ಇರಬಹುದು, ನೇರ ದಾರಿಯಿಲ್ಲ. ವಿಟಮಿನ್ ಇ ಮಾತ್ರೆ ನುಂಗುವುದೂ ಪರಿಹಾರವಲ್ಲ. 35,000ಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದಲ್ಲಿ, ಆ ಮಾತ್ರೆ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಕಂಡುಬಂದಿತ್ತು (2011).

ಆದರೆ ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಆಲ್ಡಿಹೈಡ್‌ನಂಥ ಹಾನಿಕಾರಕ ವಸ್ತುಗಳು ಹುಟ್ಟುವುದು ನಿಜ. ಹಾಗಾಗಿಯೇ ಎಫ್ಎಸ್ಎಸ್ಎಐ, ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಬಳಸುವಂತಿಲ್ಲ ಎಂಬ ನಿಯಮವನ್ನು 2018ರ ಜುಲೈ 1ರಿಂದ ಜಾರಿಗೆ ತಂದಿದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕವನ್ನೂ ಇಡಬೇಕು. ಗಾಡಿಯವರ ಬಳಿ ಅಳೆಯುವ ಮೀಟರ್ ಎಲ್ಲಿಂದ ಬರಬೇಕು? ಅಲ್ಲಿ ಗಿರಾಕಿಯ ಕಣ್ಣೇ ಮೀಟರ್. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಇಳಿಯದಿದ್ದರೆ, ಬೇಗನೆ ಹೊಗೆಯಾಡುತ್ತಿದ್ದರೆ ಪಕ್ಕದ ಗಾಡಿಗೆ ಹೋಗಿ.